ಮಂತ್ರ ಸೋತ ಕಡೆಯಿಂದ ಓದುವುದು: ಫ್ಯಾಂಟಸಿ ಸರಣಿಯ ಮಾಯಾವಿದ್ಯೆಗೆ ಥಿಯರಿ ಕಟ್ಟುವ ವಿಧಾನ

ಫ್ಯಾಂಟಸಿ ಸರಣಿಯೊಂದರ ಮೂರನೆಯ ಸಂಪುಟ ಮುಗಿಸಿ ನಾಲ್ಕನೆಯದಕ್ಕೆ ಕಾಯುತ್ತಿರುವ ಓದುಗರು ಸಾಮಾನ್ಯವಾಗಿ ಎರಡು ಬಗೆಯ ಥಿಯರಿಗಳನ್ನು ಹೆಣೆಯುತ್ತಾರೆ. ಯಾರು ಯಾರ ಮಗ, ಮುಂದೆ ಸಾಯುವವರು ಯಾರು ಎಂಬಂಥವು ಒಂದು ಬಗೆ. ಆ ಲೋಕದ ಮಾಯಾವಿದ್ಯೆ ನಿಜಕ್ಕೂ ಹೇಗೆ ಕೆಲಸ ಮಾಡುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಒಂದು ಘಟನೆಯ ಕುರಿತ ಊಹೆಯಾದ್ದರಿಂದ ಹೊಸ ಸಂಪುಟದ ಒಂದೇ ಪುಟ ಅದನ್ನು ಇತ್ಯರ್ಥ ಮಾಡಿಬಿಡುತ್ತದೆ. ಎರಡನೆಯದು ನಿಯಮದ ಕುರಿತದ್ದು. ಅದು ಈಗಾಗಲೇ ಓದಿರುವ ಪ್ರತಿಯೊಂದು ದೃಶ್ಯಕ್ಕೂ ಒಪ್ಪಬೇಕು, ಇನ್ನೂ ಅಚ್ಚಾಗದ ದೃಶ್ಯಗಳಿಗೂ ಒಪ್ಪಬೇಕು. ಈ ಕೆಲಸಕ್ಕೆ ಚುರುಕಿಗಿಂತ ತಾಳ್ಮೆ ಹೆಚ್ಚು ಬೇಕು.

ಇಂಥ ಥಿಯರಿಯನ್ನು ಕಟ್ಟುವ ಕ್ರಮದಲ್ಲಿ ನಾನು ಎಲ್ಲಕ್ಕಿಂತ ಮುಂದೆ ಇಡುವ ಸಲಹೆ ಒಂದಿದೆ: ಮಂತ್ರ ಫಲಿಸಿದ ದೃಶ್ಯಗಳನ್ನು ಸ್ವಲ್ಪ ಪಕ್ಕಕ್ಕಿಟ್ಟು, ಫಲಿಸದೆ ಹೋದ ದೃಶ್ಯಗಳಿಂದ ಆರಂಭಿಸಿ. ನಾಯಕಿಯ ಕೈಯಿಂದ ಬೆಂಕಿ ಚಿಮ್ಮಿದರೆ ಅದಕ್ಕೆ ಕಥೆಯ ಅಗತ್ಯವೇ ಸಾಕಾದ ಕಾರಣ. ಲೇಖಕರು ಅಲ್ಲಿ ನಿಯಮವನ್ನು ನೆನೆಯದೆಯೂ ಬರೆದಿರಬಹುದು. ಆದರೆ ಬೆಂಕಿ ಚಿಮ್ಮಲೇಬೇಕಾದ ಹೊತ್ತಿನಲ್ಲಿ ಚಿಮ್ಮದೆ ಉಳಿದರೆ, ಬರೆಯುವವರ ಮನಸ್ಸಿನಲ್ಲಿ ಆ ಕ್ಷಣ ಯಾವುದೋ ಒಂದು ಕಟ್ಟುಪಾಡು ಇದ್ದೇ ಇರುತ್ತದೆ. ಓದುಗರ ಕಣ್ಣು ಗೆಲುವಿನ ಕಡೆಗೇ ಹೊರಳುವುದರಿಂದ ಈ ಸೋಲುಗಳು ಯಾರೂ ಮುಟ್ಟದ ಹಾಗೆ ಬಿದ್ದಿರುತ್ತವೆ.

ಮುಂದಿನ ಭಾಗಗಳಲ್ಲಿ ಹ್ಯಾರಿ ಪಾಟರ್, ಮಿಸ್ಟ್‌ಬಾರ್ನ್ ಮತ್ತು ಫುಲ್‌ಮೆಟಲ್ ಆಲ್ಕೆಮಿಸ್ಟ್ ಸರಣಿಗಳ ಕೆಲವು ಗುಟ್ಟುಗಳು ಹೊರಬೀಳುತ್ತವೆ. ಅವನ್ನು ಓದಬೇಕೆಂದಿರುವವರು ಮೊದಲು ಅವನ್ನು ಓದಿ ಬರುವುದು ಒಳ್ಳೆಯದು.

ಮೊದಲ ಪ್ರಶ್ನೆ: ಇಲ್ಲಿ ನಿಯಮವೆಂಬುದು ಇದೆಯೇ

ಎಲ್ಲ ಸರಣಿಗಳೂ ಈ ಬಗೆಯ ಲೆಕ್ಕಾಚಾರಕ್ಕೆ ಒಗ್ಗುವುದಿಲ್ಲ. ಅಮೆರಿಕದ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ 2007ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಒಂದು ಸೂತ್ರವನ್ನು ಮುಂದಿಟ್ಟರು: ಮಾಯಾವಿದ್ಯೆಯು ಓದುಗರಿಗೆ ಎಷ್ಟು ಚೆನ್ನಾಗಿ ಅರ್ಥವಾಗಿದೆಯೋ ಅಷ್ಟರಮಟ್ಟಿಗೆ ಮಾತ್ರ ಲೇಖಕರು ಅದರ ಮೂಲಕ ಕಥೆಯ ಬಿಕ್ಕಟ್ಟನ್ನು ತೃಪ್ತಿಕರವಾಗಿ ಬಿಡಿಸಬಲ್ಲರು. ನಿಯಮಗಳು ಬಿಚ್ಚಿಟ್ಟಂತಿರುವ ವಿದ್ಯೆಯನ್ನು ‘ಹಾರ್ಡ್ ಮ್ಯಾಜಿಕ್’ ಎಂದೂ, ನಿಗೂಢವಾಗಿಯೇ ಉಳಿಯುವುದನ್ನು ‘ಸಾಫ್ಟ್ ಮ್ಯಾಜಿಕ್’ ಎಂದೂ ಕರೆಯುವ ರೂಢಿ ಹಬ್ಬಿದ್ದು ಈ ಚರ್ಚೆಯಿಂದಲೇ. ಬರೆಯುವವರಿಗಾಗಿ ಹೇಳಿದ ಈ ಮಾತನ್ನು ಥಿಯರಿ ಕಟ್ಟುವವರು ತಿರುವಿ ಹಾಕಿ ಓದಬೇಕು. ಕಡೆಯ ಸಂಪುಟದ ಬಿಕ್ಕಟ್ಟು ಮಂತ್ರದಿಂದಲೇ ಬಿಡಿಸಲ್ಪಡುವುದಾದರೆ, ಅದಕ್ಕೆ ಬೇಕಾದ ನಿಯಮ ಈಗಾಗಲೇ ನಮ್ಮ ಕಣ್ಣ ಮುಂದೆ ಎಲ್ಲಿಯೋ ಹಾದುಹೋಗಿರಬೇಕು. ಥಿಯರಿ ಕಟ್ಟುವವರಿಗೆ ಅದೇ ಬಂಡವಾಳ.

ಸ್ಯಾಂಡರ್ಸನ್ ಅವರದೇ ಮಿಸ್ಟ್‌ಬಾರ್ನ್ ಸರಣಿ (ಮೊದಲ ಸಂಪುಟ 2006) ಹಾರ್ಡ್ ಮ್ಯಾಜಿಕ್‌ಗೆ ಚೊಕ್ಕ ಮಾದರಿ. ಅಲ್ಲಿ ಉಕ್ಕನ್ನು ನುಂಗಿ ‘ಉರಿಸುವ’ ವ್ಯಕ್ತಿ ಸುತ್ತಲಿನ ಲೋಹವನ್ನು ತನ್ನಿಂದ ದೂರಕ್ಕೆ ತಳ್ಳಬಲ್ಲ. ತಳ್ಳಿದ ವಸ್ತು ಹಗುರವಾಗಿದ್ದರೆ ಅದು ಹಾರುತ್ತದೆ, ತನಗಿಂತ ಭಾರವಾಗಿದ್ದರೆ ತಾನೇ ಹಿಂದಕ್ಕೆ ಎಸೆಯಲ್ಪಡುತ್ತಾನೆ. ನಾಣ್ಯವೊಂದನ್ನು ಕೆಳಕ್ಕೆ ಬೀಳಿಸಿ ತಳ್ಳಿದರೆ, ಅದು ನೆಲಕ್ಕೆ ತಾಗಿ ನಿಂತ ಕೂಡಲೇ ತಳ್ಳಿದವನು ಮೇಲಕ್ಕೆ ಚಿಮ್ಮುತ್ತಾನೆ. ಈ ಒಂದು ವಿವರ ಕೈಗೆ ಸಿಕ್ಕರೆ ಮುಂದಿನ ಎಷ್ಟೋ ಕಾಳಗಗಳ ಫಲವನ್ನು ಓದುಗರೇ ಊಹಿಸಬಹುದು. ಇದಕ್ಕೆ ಎದುರಾಗಿ, 1954–55ರಲ್ಲಿ ಹೊರಬಂದ ದಿ ಲಾರ್ಡ್ ಆಫ್ ದ ರಿಂಗ್ಸ್‌ನಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್‌ನ ಶಕ್ತಿಗೆ ಅಳತೆಗೋಲು ಹಿಡಿಯುವುದು ವ್ಯರ್ಥ ಶ್ರಮ. ಅಲ್ಲಿ ‘ಎಷ್ಟು ಬಲ’ ಎಂಬುದನ್ನು ಬಿಟ್ಟು ‘ಬಲವಿದ್ದೂ ಏಕೆ ಬಳಸಲಿಲ್ಲ’ ಎಂದು ಕೇಳಿದರೆ ಉತ್ತರ ದೊರೆಯುತ್ತದೆ, ಆದರೆ ಅದು ಯಂತ್ರದ ನಿಯಮವಾಗಿರದೆ ನೀತಿಯ ನಿಯಮವಾಗಿರುತ್ತದೆ. ನಿಮ್ಮ ಸರಣಿ ಈ ಎರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡರೆ ವರ್ಷಗಟ್ಟಲೆಯ ವಾದ ತಪ್ಪುತ್ತದೆ.

ದಾಖಲೆಯ ಪುಸ್ತಕ

ನೆನಪಿನಿಂದ ಥಿಯರಿ ಕಟ್ಟಬೇಡಿ. ನೆನಪು ತನಗೆ ಬೇಕಾದ ದೃಶ್ಯಗಳನ್ನಷ್ಟೇ ಎತ್ತಿಕೊಡುತ್ತದೆ. ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್ ತೆರೆದು, ಸರಣಿಯನ್ನು ಮೊದಲಿನಿಂದ ಮತ್ತೊಮ್ಮೆ ಓದುತ್ತ, ಮಂತ್ರ ಬಳಕೆಯಾದ ಅಥವಾ ಬಳಸಲು ಯತ್ನ ನಡೆದ ಪ್ರತಿಯೊಂದು ದೃಶ್ಯಕ್ಕೂ ಒಂದು ಸಾಲು ಬರೆಯಬೇಕು: ಸಂಪುಟ, ಅಧ್ಯಾಯ, ಯಾರು, ಏನನ್ನು ಮಾಡಹೊರಟರು, ಏನಾಯಿತು, ಯಾವ ಬೆಲೆ ತೆತ್ತರು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಇದರ ಜೊತೆಗೆ ಇನ್ನೆರಡು ಅಂಕಣಗಳನ್ನು ಎಳೆದುಕೊಳ್ಳಿ. ‘ಆ ಹೊತ್ತಿಗೆ ಜೊತೆಯಲ್ಲಿ ಮತ್ತೇನು ನಡೆದಿತ್ತು’ ಎಂಬುದು ಒಂದು. ‘ಇದನ್ನು ಹೇಳಿದವರು ಯಾರು’ ಎಂಬುದು ಇನ್ನೊಂದು. ಮೊದಲ ಅಂಕಣದ ಉಪಯೋಗ ಮುಂದೆ ಬರುವ ಉದಾಹರಣೆಯಲ್ಲಿ ತಿಳಿಯುತ್ತದೆ. ಎರಡನೆಯದು ಈಗಲೇ ವಿವರಿಸಬೇಕಾದದ್ದು.

ಕಥೆಯೊಳಗಿನ ಗುರುವೊಬ್ಬರು ಶಿಷ್ಯನಿಗೆ ನಿಯಮವನ್ನು ಪಾಠ ಮಾಡುವ ದೃಶ್ಯ ಈ ಬಗೆಯ ಸರಣಿಗಳಲ್ಲಿ ಬಂದೇ ಬರುತ್ತದೆ, ಮತ್ತು ಓದುಗರು ಅದನ್ನು ಶಾಸನವೆಂದೇ ನಂಬುತ್ತಾರೆ. ಗುರುವಿಗೆ ತಿಳಿದಿರುವುದು ಆ ಲೋಕದಲ್ಲಿ ಆ ಕಾಲಕ್ಕೆ ತಿಳಿದಿರುವಷ್ಟೇ ಎಂಬುದನ್ನು ಮರೆಯಬಾರದು. ಮಿಸ್ಟ್‌ಬಾರ್ನ್‌ನ ಮೊದಲ ಸಂಪುಟದಲ್ಲಿ ಎಂಟು ಮೂಲಲೋಹಗಳು ಮತ್ತು ಎರಡು ಮೇಲ್ದರ್ಜೆಯ ಲೋಹಗಳು ಎಂದು ಪಾಠ ಸಿಗುತ್ತದೆ. ಮುಂದಿನ ಸಂಪುಟಗಳಲ್ಲಿ ಆ ಪಟ್ಟಿ ಬೆಳೆಯುತ್ತ ಹೋಗುತ್ತದೆ. ಗುರು ಸುಳ್ಳು ಹೇಳಿರಲಿಲ್ಲ, ಅವನಿಗೆ ಗೊತ್ತಿರಲಿಲ್ಲ ಅಷ್ಟೆ. ಅದೇ ಸರಣಿಯಲ್ಲಿ ಇನ್ನೂ ಕಠಿಣವಾದ ಪಾಠವೊಂದಿದೆ: ಲೋಹದ ಮೇಲೆ ಕೆತ್ತದ ಬರಹವನ್ನು ನಂಬಲಾಗದು, ಏಕೆಂದರೆ ಕಾಣದ ಶಕ್ತಿಯೊಂದು ಅದನ್ನು ತಿದ್ದಬಲ್ಲದು. ಓದುಗರು ಸಂಪುಟವೊಂದರ ಉದ್ದಕ್ಕೂ ಆಧಾರವೆಂದು ಹಿಡಿದಿದ್ದ ಹಳೆಯ ಗ್ರಂಥವೇ ತಿದ್ದಲ್ಪಟ್ಟಿತ್ತು ಎಂದು ತಿಳಿದಾಗ ಎಷ್ಟು ಥಿಯರಿಗಳ ಬುಡ ಕಳಚಿತೆಂಬುದನ್ನು ಊಹಿಸಿಕೊಳ್ಳಬಹುದು. ಆದ್ದರಿಂದ ‘ನಿರೂಪಣೆಯಲ್ಲಿ ನಡೆದದ್ದು’, ‘ಪಾತ್ರ ಹೇಳಿದ್ದು’, ‘ಪಾತ್ರ ಇನ್ನೊಬ್ಬರಿಂದ ಕೇಳಿ ಹೇಳಿದ್ದು’, ‘ಕಥೆಯೊಳಗಿನ ಗ್ರಂಥದಲ್ಲಿದ್ದದ್ದು’ ಎಂದು ಪ್ರತಿ ಸಾಲಿಗೂ ಗುರುತು ಹಾಕಿಕೊಳ್ಳಿ. ಮೊದಲನೆಯದರ ತೂಕವೇ ಬೇರೆ, ಕಡೆಯದರ ತೂಕವೇ ಬೇರೆ.

ಪುಸ್ತಕದ ಹೊರಗಿನ ಸಾಕ್ಷ್ಯಗಳು

ಅನುಬಂಧ ಮತ್ತು ಪದಕೋಶಗಳನ್ನು ಯಾರೂ ಓದುವುದಿಲ್ಲವೆಂಬ ಧೈರ್ಯದಿಂದ ಲೇಖಕರು ಅಲ್ಲಿ ದೊಡ್ಡ ಸಂಗತಿಗಳನ್ನು ಇಟ್ಟುಬಿಡುತ್ತಾರೆ. ದಿ ವೀಲ್ ಆಫ್ ಟೈಮ್ ಸರಣಿಯಲ್ಲಿ 1993ರ ಸಂಪುಟದಲ್ಲಿ ನಡೆದ ಕೊಲೆಯೊಂದರ ಬಗ್ಗೆ ಓದುಗರು 17 ವರ್ಷ ಕಾದಾಡಿದರು. ಕೊಲೆಗಾರರ ಹೆಸರು ನೇರವಾಗಿ ಅಚ್ಚಾದದ್ದು 2010ರ ಸಂಪುಟದ ಪದಕೋಶದಲ್ಲಿ. ಅದೇ ಸರಣಿಯ ಲೇಖಕ ರಾಬರ್ಟ್ ಜೋರ್ಡನ್ ಪ್ರಶ್ನೆ ಕೇಳಿದವರಿಗೆ ಕೊಡುತ್ತಿದ್ದ ‘ಓದಿ ತಿಳಿದುಕೊಳ್ಳಿ’ (ರೀಡ್ ಆ್ಯಂಡ್ ಫೈಂಡ್ ಔಟ್) ಎಂಬ ಉತ್ತರ ‘ರಾಫೋ’ ಎಂಬ ಹ್ರಸ್ವರೂಪದಲ್ಲಿ ಅಭಿಮಾನಿಗಳ ನಿಘಂಟಿಗೆ ಸೇರಿತು. ರಾಫೋ ಎಂಬ ಉತ್ತರವನ್ನು ‘ಹೌದು’ ಎಂದು ಓದಿಕೊಳ್ಳುವ ಚಪಲ ನಮ್ಮೆಲ್ಲರಲ್ಲೂ ಇದೆ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ.

ಅನುವಾದಗಳೂ ಕೆಲವೊಮ್ಮೆ ಸಾಕ್ಷಿ ನುಡಿಯುತ್ತವೆ. 2005ರಲ್ಲಿ ಬಂದ ಹ್ಯಾರಿ ಪಾಟರ್‌ನ ಆರನೆಯ ಪುಸ್ತಕದ ಕೊನೆಗೆ ಆರ್.ಎ.ಬಿ. ಎಂಬ ಸಹಿಯುಳ್ಳ ಚೀಟಿಯೊಂದು ಸಿಗುತ್ತದೆ. ಡಚ್ ಅನುವಾದದಲ್ಲಿ ಕೊನೆಯ ಅಕ್ಷರ ಝಡ್ ಆಗಿತ್ತು. ಆ ಭಾಷೆಯಲ್ಲಿ ಬ್ಲ್ಯಾಕ್ ಮನೆತನದ ಹೆಸರನ್ನು ಝ್ವಾರ್ಟ್ಸ್ ಎಂದು ಅನುವಾದಿಸಲಾಗಿತ್ತು. ಸಹಿ ರೆಗ್ಯುಲಸ್ ಬ್ಲ್ಯಾಕ್‌ನದು ಎಂಬ ಊಹೆಗೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿರಲಿಲ್ಲ, ಮತ್ತು 2007ರಲ್ಲಿ ಅದು ನಿಜವೆಂದೇ ತಿಳಿಯಿತು. ಆದರೆ ಇದು ವಿರಳ. ನಿಯಮಗಳ ವಿಷಯದಲ್ಲಿ ಅನುವಾದವನ್ನು ಮಾತ್ರ ನೆಚ್ಚಿಕೊಂಡರೆ, ಮೂಲದಲ್ಲಿ ಎರಡು ಬೇರೆ ಪದಗಳಿದ್ದ ಕಡೆ ಅನುವಾದದಲ್ಲಿ ‘ಶಕ್ತಿ’ ಎಂಬ ಒಂದೇ ಪದ ಬಂದು, ಇಲ್ಲದ ನಂಟನ್ನು ಕಲ್ಪಿಸಿಬಿಡುವ ಅಪಾಯವಿದೆ. ಹೀಗೆ ಒಂದೇ ಪದವನ್ನು ನೆಚ್ಚಿ ನಾನು ಕಟ್ಟಿದ್ದ ಥಿಯರಿಯೊಂದು ಮೂಲ ಪುಸ್ತಕ ಕೈಗೆ ಬಂದ ಸಂಜೆಯೇ ಕುಸಿದಿತ್ತು.

ಇನ್ನು ಲೇಖಕರ ತಪ್ಪುಗಳು. ಷರ್ಲಾಕ್ ಹೋಮ್ಸ್ ಕಥೆಗಳಲ್ಲಿ ವಾಟ್ಸನ್‌ನ ಗುಂಡೇಟಿನ ಗಾಯ 1887ರ ಕಾದಂಬರಿಯಲ್ಲಿ ಭುಜದಲ್ಲಿದ್ದರೆ 1890ರ ಕಾದಂಬರಿಯಲ್ಲಿ ಕಾಲಿನಲ್ಲಿದೆ. ಇದಕ್ಕೆ ಕಥೆಯೊಳಗಿನಿಂದಲೇ ಕಾರಣ ಹುಡುಕುವುದನ್ನು ಅಭಿಮಾನಿಗಳು ‘ವಾಟ್ಸೋನಿಯನ್’ ವಿವರಣೆ ಎನ್ನುತ್ತಾರೆ, ‘ಕಾನನ್ ಡಾಯ್ಲ್ ಮರೆತರು’ ಎಂಬುದನ್ನು ‘ಡಾಯ್ಲಿಸ್ಟ್’ ವಿವರಣೆ ಎನ್ನುತ್ತಾರೆ. ಮಾಯಾವಿದ್ಯೆಯ ಥಿಯರಿಗಳಲ್ಲಿ ಈ ಎರಡನ್ನೂ ಕೈಯಲ್ಲಿ ಹಿಡಿದಿರಬೇಕು. ಹ್ಯಾರಿ ಪಾಟರ್‌ನ ನಾಲ್ಕನೆಯ ಪುಸ್ತಕದಲ್ಲಿ (2000) ಮಂತ್ರದಂಡವೊಂದು ತಾನು ಮಾಡಿದ ಕೊಲೆಗಳನ್ನು ಹಿಂದುಮುಂದಾಗಿ ತೋರಿಸುತ್ತದೆ. ಹ್ಯಾರಿಯ ತಂದೆ ಮೊದಲು, ತಾಯಿ ಆಮೇಲೆ ಸತ್ತದ್ದರಿಂದ ಹಿಮ್ಮುಖ ಕ್ರಮದಲ್ಲಿ ತಾಯಿಯ ಛಾಯೆ ಮೊದಲು ಬರಬೇಕಿತ್ತು; ಆದರೆ ಆರಂಭದ ಮುದ್ರಣಗಳಲ್ಲಿ ತಂದೆಯೇ ಮೊದಲು ಬರುತ್ತಾನೆ. ಇದರ ಮೇಲೆ ಸ್ವಾರಸ್ಯಕರವಾದ ಥಿಯರಿಗಳು ಹುಟ್ಟಿದವು. ನಂತರದ ಮುದ್ರಣಗಳಲ್ಲಿ ಕ್ರಮವನ್ನು ತಿದ್ದಲಾಯಿತು, ಥಿಯರಿಗಳು ಅಲ್ಲಿಗೆ ಮುಗಿದವು. ಒಂದೇ ಒಂದು ವಿಚಿತ್ರ ದೃಶ್ಯದ ಮೇಲೆ ನಿಯಮವೊಂದು ನಿಂತಿದ್ದರೆ ಆ ದೃಶ್ಯ ಬೇರೆ ಮುದ್ರಣದಲ್ಲಿಯೂ ಹಾಗೆಯೇ ಇದೆಯೇ ಎಂದು ನೋಡಿ. ಸಿನಿಮಾ ಮತ್ತು ವೆಬ್ ಸರಣಿಯ ರೂಪಾಂತರಗಳನ್ನು ನಾನಂತೂ ಸಾಕ್ಷ್ಯವೆಂದು ಎಣಿಸುವುದಿಲ್ಲ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ

ಸೋಲಿನಿಂದ ನಿಯಮಕ್ಕೆ ಹೋಗುವ ದಾರಿಯನ್ನು ತೋರಿಸಲು ಇಲ್ಲಿಗಾಗಿಯೇ ಹೆಣೆದ ಸರಣಿಯೊಂದನ್ನು ಎದುರಿಗಿಟ್ಟುಕೊಳ್ಳೋಣ. ಆ ಲೋಕದಲ್ಲಿ ಗಂಟುಗಾರರು ಎಂಬ ಮಂತ್ರವಾದಿಗಳಿದ್ದಾರೆ. ಸೊಂಟಕ್ಕೆ ಸುತ್ತಿಕೊಂಡ ಹುರಿಯಲ್ಲಿ ಅವರು ಗಂಟು ಹಾಕಿದರೆ ಎದುರಿಗಿರುವುದು ಹಿಡಿದಂತೆ ನಿಲ್ಲುತ್ತದೆ: ಸುರಿಯುವ ರಕ್ತ, ಬೀಸುವ ಗಾಳಿ, ಉಕ್ಕುವ ನದಿ, ಏರುವ ಜ್ವರ. ಗಂಟು ಬಿಚ್ಚಿದರೆ ಹಿಡಿದದ್ದು ಮತ್ತೆ ಹರಿಯುತ್ತದೆ. ಮೂರು ಸಂಪುಟಗಳಲ್ಲಿ ಇಂಥ 14 ದೃಶ್ಯಗಳಿವೆ. 11ರಲ್ಲಿ ಗಂಟು ಹಿಡಿದಿದೆ, 3ರಲ್ಲಿ ಜಾರಿದೆ.

ಆ ಮೂರು ಸೋಲುಗಳು ಹೀಗಿವೆ. ಮೊದಲ ಸಂಪುಟದಲ್ಲಿ ಹಿರಿಯ ಗಂಟುಗಾರ್ತಿಯೊಬ್ಬಳು ದೋಣಿಯಲ್ಲಿ ಕುಳಿತು ಬಿರುಗಾಳಿಯನ್ನು ಕಟ್ಟಲು ಹೋಗುತ್ತಾಳೆ, ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಎರಡನೆಯದರಲ್ಲಿ ಇನ್ನೊಬ್ಬ ಗಂಟುಗಾರ ಸಾಯುತ್ತಿರುವ ಅಣ್ಣನ ರಕ್ತವನ್ನು ನಿಲ್ಲಿಸಲಾರದೆ ಹೋಗುತ್ತಾನೆ. ಮೂರನೆಯದರಲ್ಲಿ ಹಿರಿಯಳ ಶಿಷ್ಯ ದೀಕ್ಷೆ ಪಡೆದ ರಾತ್ರಿಯೇ ಮೊದಲ ಗಂಟು ಹಾಕುತ್ತಾನೆ, ಹುರಿ ಸತ್ತ ಹಾವಿನಂತೆ ಬಿದ್ದಿರುತ್ತದೆ.

ದೋಣಿಯ ದೃಶ್ಯ ಓದಿದವರಿಗೆ ತೋಚುವ ಮೊದಲ ಥಿಯರಿ ‘ನೀರಿನ ಮೇಲೆ ಗಂಟು ಹಿಡಿಯದು’ ಎಂಬುದು. ಎರಡನೆಯ ಸಂಪುಟದಲ್ಲಿ ಒಬ್ಬಾಕೆ ಸೇತುವೆಯ ಮೇಲೆ ನಿಂತು ನದಿಯನ್ನೇ ಕಟ್ಟಿರುವುದರಿಂದ ಅದು ನಿಲ್ಲುವುದಿಲ್ಲ. ಅಣ್ಣನ ಸಾವನ್ನು ಓದಿದವರು ‘ಮನಸ್ಸು ಕಲಕಿದರೆ ಗಂಟು ಜಾರುತ್ತದೆ’ ಎನ್ನುತ್ತಾರೆ. ಇದು ಕೇಳಲು ಹಿತವಾಗಿದೆ, ಅದಕ್ಕೇ ಬಹಳ ದಿನ ಬಾಳುತ್ತದೆ. ಆದರೆ ಮೂರನೆಯ ಸಂಪುಟದಲ್ಲಿ ತಾಯಿಯೊಬ್ಬಳು ಮಗಳ ಶವದ ಮೇಲೆ ಬಿದ್ದು ಅಳುತ್ತಲೇ ಕಾಳ್ಗಿಚ್ಚನ್ನು ಕಟ್ಟುತ್ತಾಳೆ, ಅತ್ತ ಶಿಷ್ಯನೋ ಗಂಟು ಹಾಕುವಾಗ ಪ್ರಶಾಂತನಾಗಿದ್ದನೆಂದು ನಿರೂಪಣೆಯೇ ಹೇಳುತ್ತದೆ.

ಈಗ ದಾಖಲೆಯ ‘ಜೊತೆಯಲ್ಲಿ ಮತ್ತೇನು ನಡೆದಿತ್ತು’ ಎಂಬ ಅಂಕಣವನ್ನು ನೋಡಿ. ಹಿರಿಯಳು ದೋಣಿ ಹತ್ತುವುದಕ್ಕೆ ಮೂರು ಅಧ್ಯಾಯ ಮೊದಲು ಒಂದು ಮಗುವಿನ ಜ್ವರವನ್ನು ಕಟ್ಟಿದ್ದಳು. ಆ ಗಂಟನ್ನು ಬಿಚ್ಚಿದ ಉಲ್ಲೇಖ ಎಲ್ಲಿಯೂ ಇಲ್ಲ. ಅಣ್ಣನನ್ನು ಕಳೆದುಕೊಂಡವನು ಅದೇ ಬೆಳಗ್ಗೆ ಒಡೆಯುತ್ತಿದ್ದ ಅಣೆಕಟ್ಟೆಯನ್ನು ಹಿಡಿದಿದ್ದ. ಹಾಗಾದರೆ ‘ಒಬ್ಬರು ಒಮ್ಮೆಗೆ ಒಂದನ್ನೇ ಹಿಡಿಯಬಲ್ಲರು’ ಎಂಬ ನಿಯಮ ಮೂಡುತ್ತದೆ. ಇಲ್ಲಿಗೆ ನಿಲ್ಲಿಸಿದರೆ ಮೂರರಲ್ಲಿ ಎರಡು ಸೋಲುಗಳಿಗೆ ಕಾರಣ ಸಿಕ್ಕಂತಾಯಿತು, ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಉಳಿದ ಒಂದು ಸೋಲು ಅಡ್ಡ ಬರುತ್ತದೆ: ಶಿಷ್ಯ ಬದುಕಿನಲ್ಲಿ ಅದುವರೆಗೆ ಏನನ್ನೂ ಹಿಡಿದವನಲ್ಲ. ಅವನ ದೀಕ್ಷೆಯ ಅಧ್ಯಾಯಕ್ಕೆ ಮರಳಿದರೆ ಅಲ್ಲಿ ಒಂದೇ ವಾಕ್ಯವಿದೆ. ಗುರು ತನ್ನ ಸೊಂಟದ ಹುರಿಯಿಂದ ಮೊಳದುದ್ದ ಕತ್ತರಿಸಿ ಅವನಿಗೆ ಕಟ್ಟುತ್ತಾಳೆ. ಆ ಹುರಿ ಇನ್ನೂ ಮಗುವಿನ ಜ್ವರವನ್ನು ಹಿಡಿದೇ ಇದೆ. ಅಂದರೆ ಮಿತಿ ಇರುವುದು ಮನುಷ್ಯನಿಗಲ್ಲ, ಹುರಿಗೆ; ಮತ್ತು ಕತ್ತರಿಸಿದ ಮಾತ್ರಕ್ಕೆ ಒಂದು ಹುರಿ ಎರಡಾಗುವುದಿಲ್ಲ.

ಈ ನಿಯಮವನ್ನು ಹಿಡಿದುಕೊಂಡು ಗೆಲುವಿನ ದೃಶ್ಯಗಳಿಗೆ ಮರಳುವುದು ಈಗ. ಹನ್ನೊಂದರಲ್ಲಿ ಒಂದು ಮುಳ್ಳಿನಂತೆ ಚುಚ್ಚುತ್ತದೆ: ಎರಡನೆಯ ಸಂಪುಟದಲ್ಲಿ ಅದೇ ಹಿರಿಯಳು ಎರಡು ಬಾಣಗಳನ್ನು ಒಟ್ಟಿಗೆ ಗಾಳಿಯಲ್ಲಿ ನಿಲ್ಲಿಸುತ್ತಾಳೆ. ನಿಯಮ ಮುರಿಯಿತೇ? ಪುಟ ತೆರೆದು ಓದಿದರೆ ಅವಳ ಎರಡೂ ಮಣಿಕಟ್ಟುಗಳಲ್ಲಿ ಹೊಸ ಹುರಿಗಳಿರುವುದನ್ನು ವರ್ಣನೆಯ ನಡುವೆ ಹೇಳಿ ಹೋಗಿದ್ದಾರೆ. ದೋಣಿಯ ಪ್ರಸಂಗಕ್ಕೆ ಮೊದಲು ಅವಳ ಮಣಿಕಟ್ಟು ಬರಿದಾಗಿತ್ತು. ಹಾಗಿದ್ದರೆ ಅವಳಿಗೆ ನಿಯಮ ಗೊತ್ತಾಗಿದೆ, ಯಾರಿಗೂ ಹೇಳಿಲ್ಲ. ಗೊತ್ತಿದ್ದೂ ಶಿಷ್ಯನಿಗೆ ಸತ್ತ ಹುರಿಯನ್ನೇ ಕಟ್ಟಿದ್ದಾಳೆ. ಏಕೆ? ಒಳ್ಳೆಯ ಥಿಯರಿಯ ಗುರುತು ಇದೇ ಎಂದು ನನ್ನ ಎಣಿಕೆ: ಅದು ಯಂತ್ರದ ಪ್ರಶ್ನೆಯೊಂದನ್ನು ಬಿಡಿಸುತ್ತ ಹೋಗಿ, ಅಷ್ಟು ದಿನ ಯಾರೂ ಕೇಳದಿದ್ದ ಮನುಷ್ಯರ ಪ್ರಶ್ನೆಯೊಂದನ್ನು ಎದುರಿಗೆ ತಂದು ನಿಲ್ಲಿಸುತ್ತದೆ.

ಮೂರು ದೋಷಗಳ ಪರೀಕ್ಷೆ

ಲಕ್ಷಣವೊಂದನ್ನು ಪರೀಕ್ಷಿಸಲು ನಮ್ಮ ತರ್ಕಶಾಸ್ತ್ರದಲ್ಲಿ ಬಳಸುವ ಮೂರು ದೋಷಗಳು ಈ ಕೆಲಸಕ್ಕೆಂದೇ ಮಾಡಿಟ್ಟಂತಿವೆ. ಹಸುವಿನ ಲಕ್ಷಣ ಕಪಿಲ ಬಣ್ಣ ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊಂಬಿರುವುದೇ ಲಕ್ಷಣವೆಂದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಒಂಟಿ ಗೊರಸು ಎಂದರೆ ಯಾವ ಹಸುವಿಗೂ ಅದಿಲ್ಲ, ಅದು ಅಸಂಭವ. ಗಂಟುಗಾರರ ‘ನೀರಿನ’ ಥಿಯರಿ ಅಣ್ಣನ ಸಾವನ್ನು ವಿವರಿಸಲಾರದು ಎಂಬಲ್ಲಿ ಅವ್ಯಾಪ್ತಿ, ಸೇತುವೆಯ ಮೇಲೆಯೂ ಸೋಲನ್ನು ನಿರೀಕ್ಷಿಸುತ್ತದೆ ಎಂಬಲ್ಲಿ ಅತಿವ್ಯಾಪ್ತಿ. ಬರೆದ ನಿಯಮವನ್ನು ಈ ಜರಡಿಗಳಲ್ಲಿ ಹಾಕುವಾಗ ಹೆಚ್ಚು ಎಚ್ಚರ ಬೇಕಾದದ್ದು ಅತಿವ್ಯಾಪ್ತಿಯ ವಿಷಯದಲ್ಲಿ. ‘ಮಂತ್ರವು ಬಳಸುವವರ ಸಂಕಲ್ಪವನ್ನು ಅವಲಂಬಿಸಿದೆ’ ಎಂಬ ಥಿಯರಿ ಪ್ರತಿ ಸರಣಿಗೂ ಹುಟ್ಟುತ್ತದೆ. ಫಲಿಸಿದರೆ ಸಂಕಲ್ಪವಿತ್ತು, ಫಲಿಸದಿದ್ದರೆ ಇರಲಿಲ್ಲ. ಎಲ್ಲವನ್ನೂ ವಿವರಿಸುವ ಇಂಥ ಮಾತು ಯಾವ ದೃಶ್ಯವನ್ನೂ ತಡೆಯುವುದಿಲ್ಲ. ತಪ್ಪೆಂದು ಸಾಬೀತಾಗುವ ಸಾಧ್ಯತೆಯೇ ಇಲ್ಲದ ಹೇಳಿಕೆ ವಿಜ್ಞಾನಕ್ಕೆ ಸೇರದೆಂದು ಕಾರ್ಲ್ ಪಾಪರ್ 1934ರಲ್ಲಿ ವಾದಿಸಿದ್ದು ಬೇರೆ ಸಂದರ್ಭಕ್ಕೆ, ಆದರೆ ಇಲ್ಲಿಗೂ ಸಲ್ಲುತ್ತದೆ.

ಅಪವಾದದಂತೆ ಕಾಣುವುದನ್ನು ಕಂಡ ಕೂಡಲೇ ಥಿಯರಿಯನ್ನು ಎಸೆಯುವ ಅಗತ್ಯವೂ ಇಲ್ಲ. ಹಿರೋಮು ಅರಕಾವಾ ಅವರ ಫುಲ್‌ಮೆಟಲ್ ಆಲ್ಕೆಮಿಸ್ಟ್ ಎಂಬ ಮಾಂಗಾದಲ್ಲಿ, ಅಂದರೆ ಜಪಾನಿ ಚಿತ್ರಕಥೆಯಲ್ಲಿ (2001–2010), ರಸವಿದ್ಯೆಯ ಮೂಲ ನಿಯಮ ಸಮಾನ ವಿನಿಮಯ: ಏನನ್ನಾದರೂ ಪಡೆಯಬೇಕಾದರೆ ಅಷ್ಟೇ ಬೆಲೆಯದನ್ನು ಕೊಡಬೇಕು. ಸ್ಪರ್ಶಮಣಿಯಂಥ ಕಲ್ಲೊಂದು ಈ ನಿಯಮವನ್ನು ಮೀರುವಂತೆ ತೋರುತ್ತದೆ. ಕಲ್ಲನ್ನು ಮಾಡಿರುವುದು ಮನುಷ್ಯರ ಪ್ರಾಣಗಳಿಂದ ಎಂದು ತಿಳಿದಾಗ ಬೆಲೆಯನ್ನು ಮೊದಲೇ ತೆತ್ತಾಗಿದೆ, ತೆತ್ತವರು ಬೇರೆಯವರು ಎಂಬುದು ಹೊರಬೀಳುತ್ತದೆ. ಬೆಲೆ ಕಾಣದ ಕಡೆ ‘ಇಲ್ಲಿ ಬೆಲೆಯಿಲ್ಲ’ ಎಂದು ಬರೆಯದೆ ‘ಬೆಲೆ ತೆತ್ತವರು ಯಾರೆಂದು ತಿಳಿದಿಲ್ಲ’ ಎಂದು ಬರೆದುಕೊಳ್ಳುವ ಅಭ್ಯಾಸವನ್ನು ನಾನು ಕಲಿತದ್ದು ಈ ಕಥೆಯಿಂದ.

ಮುಗಿದ ಸರಣಿಯ ಮೇಲೆ ಅಭ್ಯಾಸ

ಹೊಸಬರು ನಡೆಯುತ್ತಿರುವ ಸರಣಿಗೆ ಕೈಹಾಕುವ ಮೊದಲು ಮುಗಿದುಹೋದ ಸರಣಿಯೊಂದರ ಅರ್ಧವನ್ನಷ್ಟೇ ಓದಿ, ಪುಸ್ತಕ ಮುಚ್ಚಿ, ನಿಯಮವೊಂದನ್ನು ಬರೆದು, ಉಳಿದರ್ಧದಲ್ಲಿ ಅದರ ಗತಿಯೇನಾಯಿತೆಂದು ನೋಡುವುದು ಒಳ್ಳೆಯ ತಾಲೀಮು. ಹ್ಯಾರಿ ಪಾಟರ್‌ನಲ್ಲಿ ಊಟದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. 1997ರ ಮೊದಲ ಪುಸ್ತಕದಲ್ಲಿ ಔತಣದ ಭಕ್ಷ್ಯಗಳು ಖಾಲಿ ತಟ್ಟೆಗಳಲ್ಲಿ ತಟ್ಟನೆ ಮೂಡುತ್ತವೆ. 1998ರ ಎರಡನೆಯ ಪುಸ್ತಕದಲ್ಲಿ ಶಿಕ್ಷಕಿ ದಂಡ ಬೀಸಿದರೆ ಸ್ಯಾಂಡ್‌ವಿಚ್ ತಟ್ಟೆಯೊಂದು ಬರುತ್ತದೆ, ತಿಂದಂತೆಲ್ಲ ತುಂಬಿಕೊಳ್ಳುತ್ತದೆ. ಇಷ್ಟನ್ನೇ ಓದಿದವರು ಶೂನ್ಯದಿಂದ ಅನ್ನ ಸೃಷ್ಟಿಸಬಹುದು ಎಂದು ಬರೆದುಬಿಡುತ್ತಾರೆ. 2000ದ ನಾಲ್ಕನೆಯ ಪುಸ್ತಕದಲ್ಲಿ ಭೋಜನಶಾಲೆಯ ಕೆಳಗೆ ಅಡುಗೆಮನೆಯಿದ್ದು, ಮೇಲಿನ ಮೇಜುಗಳಿಗೆ ಸರಿಯಾಗಿ ಕೆಳಗೂ ಮೇಜುಗಳಿದ್ದು, ಅಲ್ಲಿ ಬಡಿಸಿದ್ದನ್ನು ಮೇಲಕ್ಕೆ ಕಳಿಸುತ್ತಾರೆಂದು ತಿಳಿಯುತ್ತದೆ. ಆ ಹಂತದಲ್ಲಿ ಎಚ್ಚರದ ಓದುಗರೊಬ್ಬರು ಊಟವನ್ನು ತರಿಸಬಹುದು, ಹೆಚ್ಚಿಸಬಹುದು, ಆದರೆ ಏನೂ ಇಲ್ಲದಲ್ಲಿಂದ ಹುಟ್ಟಿಸಲಾಗದು ಎಂದು ಬರೆದಿಡಬಹುದಿತ್ತು. 2007ರ ಕೊನೆಯ ಪುಸ್ತಕದಲ್ಲಿ, ನದಿ ದಡದ ಡೇರೆಯಲ್ಲಿ ಹಸಿದು ಕುಳಿತ ಹೊತ್ತಿನಲ್ಲಿ, ಹ್ಯಾರಿಯ ಗೆಳತಿ ಹರ್ಮಯೋನಿ ಹೇಳುವುದು ಇದನ್ನೇ: ವಸ್ತುಗಳ ರೂಪ ಬದಲಿಸುವ ವಿದ್ಯೆಯ ಕುರಿತ ಗ್ಯಾಂಪ್‌ನ ನಿಯಮಕ್ಕಿರುವ ಐದು ಮುಖ್ಯ ಅಪವಾದಗಳಲ್ಲಿ ಆಹಾರ ಮೊದಲನೆಯದು. ನಿಯಮ ಬಾಯಿಗೆ ಬಂದದ್ದು ಹಸಿವಿನ ದೃಶ್ಯದಲ್ಲಿ, ಔತಣದ ದೃಶ್ಯದಲ್ಲಿ ಅಲ್ಲ. ಉಳಿದ ನಾಲ್ಕು ಅಪವಾದಗಳು ಯಾವುವೆಂದು ಆ ಏಳು ಪುಸ್ತಕಗಳಲ್ಲಿ ಪಟ್ಟಿ ಮಾಡಿಲ್ಲ; ಕೈ ಪಳಗಿಸಿಕೊಳ್ಳಬೇಕೆಂಬವರಿಗೆ ಅದಕ್ಕಿಂತ ಒಳ್ಳೆಯ ಲೆಕ್ಕ ಇನ್ನೊಂದಿಲ್ಲ.

ಬರೆದಿಡುವ ಕ್ರಮ

ಥಿಯರಿಯನ್ನು ಬರೆಯುವಾಗ ನಿಯಮವನ್ನು ಒಂದೇ ವಾಕ್ಯದಲ್ಲಿ ಮೊದಲು ಹೇಳಿ. ಒಂದು ವಾಕ್ಯಕ್ಕೆ ಒಗ್ಗದಿದ್ದರೆ ಅದರೊಳಗೆ ಎರಡು ಥಿಯರಿಗಳಿವೆ ಎಂದೇ ಅರ್ಥ. ಬಳಿಕ ಪೂರ್ವಪಕ್ಷ: ನಿಮ್ಮ ನಿಯಮಕ್ಕೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುವ ದೃಶ್ಯ ಯಾವುದೋ ಅದನ್ನು ನೀವೇ ಎತ್ತಿ ತೋರಿಸಿ, ಎದುರಾಳಿ ಹೇಳುವುದಕ್ಕಿಂತ ಬಲವಾಗಿಯೇ ಅದನ್ನು ಮಂಡಿಸಿ, ಆಮೇಲೆ ಉತ್ತರ ಕೊಡಿ. ಉತ್ತರವಿಲ್ಲದಿದ್ದರೆ ಇಲ್ಲವೆಂದು ಬರೆಯಿರಿ. ಓದುವವರು ಆ ಪ್ರಾಮಾಣಿಕತೆಗೆ ಬೆಲೆ ಕೊಡುತ್ತಾರೆ. ಯಾವ ಸಂಪುಟದವರೆಗಿನ ಗುಟ್ಟುಗಳು ಒಳಗಿವೆಯೆಂಬ ಸ್ಪಾಯ್ಲರ್ ಸೂಚನೆ ಶೀರ್ಷಿಕೆಯಲ್ಲಿಯೇ ಇರಬೇಕು, ಎರಡನೆಯ ಪ್ಯಾರಾದಲ್ಲಿದ್ದರೆ ತಡವಾಯಿತು. ಪುರಾವೆಯಿಲ್ಲದಿದ್ದರೂ ನಿಮಗೆ ಹಾಗೆಯೇ ಇರಲಿ ಎನಿಸುವ ಸಂಗತಿಗಳನ್ನು, ಅಂದರೆ ‘ಹೆಡ್‌ಕ್ಯಾನನ್’ ಎನ್ನುವುದನ್ನು, ಬೇರೆಯಾಗಿಯೇ ಇಡಿ.

ಕೊನೆಯಲ್ಲಿ ಎರಡು ಭವಿಷ್ಯವಾಣಿಗಳನ್ನು ತಾರೀಖು ಹಾಕಿ ಬರೆಯಬೇಕು. ಥಿಯರಿ ನಿಜವಾಗಿದ್ದರೆ ಮುಂದೆ ಏನು ಕಾಣಿಸಬೇಕು ಎಂಬುದು ಒಂದು, ಏನು ಕಾಣಿಸಿದರೆ ಥಿಯರಿ ಸತ್ತಂತೆ ಎಂಬುದು ಇನ್ನೊಂದು. ಗಂಟುಗಾರರ ಸರಣಿಗಾದರೆ ಹೀಗೆ: ಆ ಮಗುವಿನ ಜ್ವರದ ಗಂಟು ಬಿಚ್ಚಿದ ದಿನ ಶಿಷ್ಯನ ಹುರಿಗೆ ಜೀವ ಬರಬೇಕು. ಯಾರಾದರೂ ಒಂದೇ ಹುರಿಯಲ್ಲಿ ಎರಡನ್ನು ಹಿಡಿದು ನಿಲ್ಲಿಸಿದರೆ ನಿಯಮ ಬಿದ್ದುಹೋಯಿತು. ಹೊಸ ಸಂಪುಟ ಬಂದ ಮೇಲೆ ಹಳೆಯ ಬರಹವನ್ನು ತಿದ್ದಬೇಡಿ. ಕೆಳಗೆ ಗೆರೆ ಎಳೆದು, ಹೊಸ ತಾರೀಖು ಹಾಕಿ, ಯಾವ ಅಧ್ಯಾಯದಲ್ಲಿ ನಿಂತಿತು, ಯಾವ ಅಧ್ಯಾಯದಲ್ಲಿ ಬಿತ್ತು ಎಂಬುದನ್ನು ಬರೆಯಿರಿ. ಮತ್ತು ಹೊಸ ಸಂಪುಟದಲ್ಲಿ ಮಂತ್ರ ಕೈಕೊಟ್ಟ ದೃಶ್ಯಗಳಿಗೆ ಅದೇ ಓದಿನಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಿ.